ಗಟ್ಟಿಯಾಗಿ ಓದಿಸಿದ ಹಿರಿಯರಿಗೆ

ಮೈಸೂರಿನ ಗ್ರಂಥಾಲಯದಲ್ಲಿ ನನಗೆ ಕವಿತೆ ಓದುವುದನ್ನು ಕಲಿಸಿದ ಹಿರಿಯರೇ, ನಿಮ್ಮ ಹೆಸರು ಗೊತ್ತಿಲ್ಲ. ಅದಕ್ಕೇ ಹೀಗೆ ಎಲ್ಲರೆದುರು ಕೃತಜ್ಞತೆ ಹೇಳುತ್ತಿದ್ದೇನೆ.

ಪರೀಕ್ಷೆಗೆಂದು, ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಇಂಗ್ಲಿಷ್ ಕವಿ ವಿಲ್‌ಫ್ರೆಡ್ ಓವೆನ್ 1917ರಲ್ಲಿ ಬರೆದ ‘ಡಲ್ಚೆ ಎಟ್ ಡೆಕೋರಮ್ ಎಸ್ಟ್’ ಕವಿತೆಗೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. “ಟಿಪ್ಪಣಿ ಆಮೇಲಿರಲಿ, ಒಮ್ಮೆ ಬಾಯಿಬಿಟ್ಟು ಓದಮ್ಮ” ಎಂದು ವರಾಂಡಕ್ಕೆ ಕರೆದಿರಿ. ಮೊದಲ ಸಾಲುಗಳು ನಡುನಡುವೆ ತಡೆದು ನಿಲ್ಲುತ್ತವೆ. ಮುದಿ ಭಿಕ್ಷುಕರ ಹಾಗೆ ಬೆನ್ನು ಬಾಗಿ, ಬೂಟು ಕಳೆದುಕೊಂಡು, ರಕ್ತ ಮೆತ್ತಿದ ಕಾಲಲ್ಲಿ ಕೆಸರು ತುಳಿಯುವ ಸೈನಿಕರ ದಣಿವು ಓದುವವರ ಉಸಿರಿಗೇ ಇಳಿಯುತ್ತದೆ. ಅಷ್ಟರಲ್ಲಿ ವಿಷಾನಿಲ, ಕೂಗಾಟ. ಮುಖವಾಡ ಹಾಕಿಕೊಳ್ಳಲಾಗದ ಒಬ್ಬ, ಮಸುಕು ಗಾಜಿನಾಚೆ, ಹಸಿರು ಕಡಲಲ್ಲಿ ಮುಳುಗುವವನಂತೆ ಕಾಣುತ್ತಾನೆ. ಅಲ್ಲಿ ನನ್ನ ಗಂಟಲು ಕಟ್ಟಿತು. ನೀವು ಅವಸರ ಮಾಡಲಿಲ್ಲ, ಅರ್ಥ ಹೇಳಲಿಲ್ಲ, ಕಾದಿರಿ.

ಅದೇ ಯುದ್ಧದ ಇನ್ನೊಬ್ಬ ಸೈನಿಕ ಕವಿ ಐಸಾಕ್ ರೋಸೆನ್‌ಬರ್ಗ್‌ನ ಕವಿತೆಯ ಇಲಿಯನ್ನು ತೋರಿಸಿದವರೂ ನೀವೇ. ಕಂದಕದಲ್ಲಿ ಇಂಗ್ಲಿಷ್ ಕೈಯನ್ನು ಸವರಿದ ಆ ಇಲಿ ಜರ್ಮನ್ ಕೈಯನ್ನೂ ಹಾಗೇ ಸವರೀತು. ಶತ್ರುವನ್ನು ಒಂದು ಮಾತೂ ಬೈಯದ ಈ ಕವಿತೆ ನನಗೆ ಓವೆನ್‌ನದಕ್ಕಿಂತಲೂ ಆಳವಾಗಿ ನಾಟಿದೆ. ರೋಸೆನ್‌ಬರ್ಗ್ 1918ರ ಏಪ್ರಿಲ್ 1ರಂದು ಸತ್ತ. ಓವೆನ್ ಅದೇ ವರ್ಷ ನವೆಂಬರ್ 4ರಂದು, ಯುದ್ಧ ನಿಲ್ಲಲು ವಾರವಷ್ಟೇ ಇದ್ದಾಗ. ಅವನಿಗೆ ಬರೀ 25 ವರ್ಷ.

ಈಗ ನಾನು ಪಿಯುಸಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಈ ಕವಿತೆಗಳನ್ನು ಮೊದಲು ಅವರಿಂದಲೇ ಗಟ್ಟಿಯಾಗಿ ಓದಿಸುತ್ತೇನೆ. ನೀವು ಕೊಟ್ಟ ಆ ಒಂದು ಮಧ್ಯಾಹ್ನಕ್ಕೆ ಮನಸಾರೆ ಧನ್ಯವಾದ, ಸರ್.