ಆ ಹಳದಿ ಟೇಪಿನ ವಿಷಯ

ಮತ್ತಿಕೆರೆ, ಬೆಂಗಳೂರು
ಭಾನುವಾರ ರಾತ್ರಿ

ಪುಟ್ಟಿ,

ಪುಣೆ ತಲುಪಿದೆ ಅಂತ ಒಂದೇ ಸಾಲು ಮೆಸೇಜ್ ಹಾಕಿದ್ದೀಯ. ಅದರ ಕೆಳಗೆ ನಾನು ಏನು ಟೈಪ್ ಮಾಡಿದರೂ ಮತ್ತೆ ಜಗಳಕ್ಕೆ ನಿಂತ ಹಾಗೇ ಕಾಣುತ್ತಿತ್ತು. ಅದಕ್ಕೇ ಈ ಪತ್ರ. ಉಪ್ಪಿನಕಾಯಿ ಜೊತೆ ಕೊರಿಯರ್ ಮಾಡುತ್ತೇನೆ. ನೀನು ಊಟ ಮಾಡದೆ ಆಟೋ ಹತ್ತಿ ಮೆಜೆಸ್ಟಿಕ್‌ಗೆ ಹೋದದ್ದು ನನಗೆ ಸರಿ ಬರಲಿಲ್ಲ. ರೈಲಿಗೆ ಅಂತ ಕಟ್ಟಿದ್ದ ಚಪಾತಿ ಡಬ್ಬಿಯೂ ಇಲ್ಲೇ ಉಳಿಯಿತು.

ನಾನು ಅಕ್ಕಪಕ್ಕದವರಿಗೆ ಕೇಳುವ ಹಾಗೆ ಕೂಗಬಾರದಿತ್ತು. ನೀನೂ ನನ್ನನ್ನು ಒಂದು ಮಾತು ಕೇಳದೆ ನಿಮ್ಮಪ್ಪನಿಗೆ ಅಂತ ನೆಲಕ್ಕೆ ಅಂಟಿಸಿದ್ದ ಟೇಪು ಕೀಳಬಾರದಿತ್ತು.

ನಿಮ್ಮಪ್ಪ ತೀರಿಹೋದ ಆಸ್ಪತ್ರೆಯ ಆ ವಾರ ಇಬ್ಬರಿಗೂ ನೆನಪಿದೆ, ಅದನ್ನು ಬರೆಯಲ್ಲ. ಐಸಿಯು ಬಾಗಿಲಲ್ಲಿ ನಿಂತು ನೀನು ಡಾಕ್ಟರಿಗೆ ಹೇಳಿದ ಮಾತು ಮಾತ್ರ ನಿನ್ನೊಬ್ಬಳದಲ್ಲ. ನನ್ನ ಬಾಯಿಗೆ ಬರಲಿಲ್ಲ, ನಿನ್ನ ಬಾಯಿಗೆ ಬಂತು, ಅಷ್ಟೇ. ಅದನ್ನು ಒಬ್ಬಳೇ ಹೊತ್ತುಕೊಂಡು ಓಡಾಡಬೇಡ.

ಈಗ ಟೇಪು. ಅಪ್ಪ ಜಾರಿ ಬೀಳದಿರಲಿ ಅಂತ ಹಾಕಿದ್ದು ಅಂದುಕೊಂಡಿದ್ದೆ ಅಲ್ವಾ? ಹಾಗಲ್ಲ. ಪಾರ್ಕಿನ್ಸನ್ ಇರುವವರಿಗೆ ಕಾಲಿನಲ್ಲಿ ಬಲ ಇದ್ದರೂ ಎಷ್ಟೋ ಸಲ ಹೆಜ್ಜೆ ಏಳುವುದಿಲ್ಲ. ಬಾಗಿಲ ಹತ್ತಿರ, ತಿರುಗುವ ಜಾಗದಲ್ಲಿ, ಪಾದ ನೆಲ ಕಚ್ಚಿಕೊಂಡು ನಿಂತುಬಿಡುತ್ತದೆ. ನೀನೂ ನಾನೂ ಯೋಚನೆಯಿಲ್ಲದೆ ನಡೆಯುತ್ತೇವೆ. ಹಾಗೆ ತನ್ನಷ್ಟಕ್ಕೆ ನಡೆಸುವ ಮಿದುಳಿನ ಭಾಗವೇ ಈ ಕಾಯಿಲೆಯಲ್ಲಿ ಸೊರಗುವುದು. ಆದರೆ ಎದುರಿಗೆ ಒಂದು ಅಡ್ಡಗೆರೆ ಕಂಡರೆ, ಅದನ್ನು ದಾಟಬೇಕು ಅಂತ ಮನಸ್ಸಿಟ್ಟರೆ, ಮಿದುಳು ಬೇರೆ ದಾರಿ ಹುಡುಕಿಕೊಂಡು ಕಾಲೆತ್ತಿಸುತ್ತದೆ. ಫಿಸಿಯೋಥೆರಪಿ ಹುಡುಗ ಇದನ್ನು ಹೇಳಿದಾಗ ನಾನು ನಂಬಲಿಲ್ಲ. ಮಂಚದಿಂದ ಬಚ್ಚಲ ಬಾಗಿಲವರೆಗೆ ನಿಮ್ಮಪ್ಪನ ಹೆಜ್ಜೆ ಅಳತೆಗೆ ಅವನೇ ಇನ್ಸುಲೇಷನ್ ಟೇಪು ಅಂಟಿಸಿದ. ನಮ್ಮ ರೆಡ್ ಆಕ್ಸೈಡ್ ನೆಲಕ್ಕೆ ಹಳದಿಯೇ ಎದ್ದು ಕಾಣುತ್ತದೆ ಅಂತ ಬಣ್ಣ ಆರಿಸಿದ್ದು ನಿಮ್ಮಪ್ಪ. ಅಂಟಿಸಿ ಮುಗಿಯುತ್ತಿದ್ದ ಹಾಗೇ ಎದ್ದು ನಡೆದರು. ಬಚ್ಚಲ ಹೊಸಿಲು ದಾಟಿ ಹಿಂತಿರುಗಿ ನೋಡಿ, "ಏನೇ, ಈ ವಯಸ್ಸಲ್ಲಿ ನನ್ನ ಕೈಲಿ ಕುಂಟೆಬಿಲ್ಲೆ ಆಡಿಸ್ತಿದ್ದೀಯಲ್ಲೇ" ಅಂದರು. ನಾನು ನಕ್ಕು ನಕ್ಕು ಮಂಚದ ಮೇಲೆ ಕೂತುಬಿಟ್ಟೆ.

ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು, ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿದು ಕೂರಿಸುತ್ತಿದ್ದ ಕೈ ಅದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆಗೂಡಿ ಫ್ಯಾಕ್ಟರಿ ಶುರುವಾದ ಕಥೆಯನ್ನು ಆ ಫಿಸಿಯೋ ಹುಡುಗನಿಗೂ ಹೇಳಿದ್ದರು. ಆ ಕೈಗೆ ಕೊನೆಕೊನೆಗೆ ಅಂಗಿ ಗುಂಡಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ಬ್ಯಾಂಕಿನವರು ಸಹಿ ಹೊಂದುತ್ತಿಲ್ಲ ಅಂದ ದಿನ ಮನೆಗೆ ಬಂದು ಯಾರ ಹತ್ತಿರವೂ ಮಾತಾಡಲಿಲ್ಲ. ಅವರು ಕೈಹಿಡಿಸಿಕೊಳ್ಳದೆ ಮಾಡುತ್ತಿದ್ದ ಕೊನೆಯ ಕೆಲಸ ಅಂದರೆ ಆ ಗೆರೆಗಳನ್ನು ದಾಟುವುದು. ನಾನು ಪಕ್ಕದಲ್ಲಿ ಬರೀ "ಹೂಂ, ಹೂಂ" ಅನ್ನುತ್ತಿದ್ದೆ. ರಾತ್ರಿ ಎಷ್ಟು ಹೊತ್ತಿಗೆ ಎದ್ದರೂ ಅಷ್ಟೇ, ಹೂಂ, ಹೂಂ. ನಮ್ಮಿಬ್ಬರ ನಡುವೆ ಕೊನೆಕೊನೆಗೆ ಅದಕ್ಕಿಂತ ಜಾಸ್ತಿ ಮಾತೇ ಇರಲಿಲ್ಲ. ನೀನು ತೆಂಗಿನೆಣ್ಣೆ ಹಚ್ಚಿ, ಚಾಕುವಿನ ಬೆನ್ನಿನಿಂದ ಅಂಟು ಕೆರೆದು ನೀಟಾಗಿ ಕ್ಲೀನ್ ಮಾಡಿದ್ದೀಯ. ಆದರೂ ಟೇಪಿದ್ದ ಜಾಗದಲ್ಲಿ ನೆಲ ಸವೆದಿಲ್ಲ, ಇನ್ನೂ ಹೊಳೆಯುತ್ತದೆ. ನಿನ್ನೆ ರಾತ್ರಿ ಬಚ್ಚಲಿಗೆ ಹೋಗುವಾಗ ಅದರ ಮೇಲೇ ಹೆಜ್ಜೆ ಇಟ್ಟುಕೊಂಡು ಹೋದೆ. ನಗಬೇಡ.

ಸಾಕು ಟೇಪು.

ನೀನು ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನೂ ಓದಿದೆ. ದುಃಖಕ್ಕೆ ಐದು ಹಂತ, ಒಂದು ದಾಟಿ ಇನ್ನೊಂದಕ್ಕೆ ಹೋಗಬೇಕಂತೆ. ಕ್ಯೂಬ್ಲರ್ ರಾಸ್ ಅನ್ನುವ ಡಾಕ್ಟರಮ್ಮ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹತ್ತಿರ ಇದ್ದ ರೋಗಿಗಳನ್ನು ಮಾತಾಡಿಸಿ. ಅದು ಉಳಿದವರ ಪಾಲಿಗೆ ಬಂದದ್ದು ಆಮೇಲೆ. ನನಗಂತೂ ಐದೂ ಒಂದೇ ಬೆಳಿಗ್ಗೆ ಬರುತ್ತವೆ, ಸೊಪ್ಪಿನವನು ಕೂಗಿದ ತಕ್ಷಣ ಎದ್ದು ಹೋಗುತ್ತವೆ. ಅಮೆರಿಕದ ಮನೋವೈದ್ಯರು 2022ರಲ್ಲಿ ವಿಪರೀತ ದುಃಖವನ್ನೂ ತಮ್ಮ ಕಾಯಿಲೆಗಳ ಪಟ್ಟಿಗೆ ಸೇರಿಸಿದರು. ಅವರೂ ದೊಡ್ಡವರಿಗೆ ಒಂದು ವರ್ಷ ಟೈಮ್ ಕೊಟ್ಟಿದ್ದಾರೆ. ವರ್ಷ ಕಳೆದ ಮೇಲೂ ಹೆಚ್ಚುಕಡಿಮೆ ದಿನಾ ಅದರಲ್ಲೇ ಮುಳುಗಿ, ಕೆಲಸ ಬೊಗಸೆ ಬಿಟ್ಟು ಕೂತರೆ ಆಗ ಡಾಕ್ಟರು ನೋಡಬೇಕು ಅಂತ. ನಮ್ಮ ಪುರೋಹಿತರೂ ತಿಂಗಳು ತಿಂಗಳು ಮಾಸಿಕ ಮಾಡಿಸಿ ವರ್ಷಾಂತಿಕದವರೆಗೆ ಟೈಮ್ ಕೊಡುತ್ತಾರೆ. ನೀನು ಮಾತ್ರ ಈ ರಜೆ ಮುಗಿಯೋದರೊಳಗೆ ನಾನು ಸರಿಹೋಗಬೇಕು ಅಂತ ಕೂತೆ.

ಇನ್ನೊಂದು ವಿಷಯ ನಿನ್ನ ಹತ್ತಿರ ಬಿಟ್ಟು ಬೇರೆ ಯಾರ ಹತ್ತಿರವೂ ಹೇಳಲಾರೆ. ವೈಕುಂಠ ಸಮಾರಾಧನೆ ಆದ ರಾತ್ರಿ ನನಗೆ ಒಳ್ಳೇ ನಿದ್ದೆ ಬಂತು. ಎಷ್ಟೋ ವರ್ಷದ ಮೇಲೆ. ಬೆಳಿಗ್ಗೆ ಆರಕ್ಕೆ ಮಾತ್ರೆಯ ಅಲಾರಂ ಹೊಡೆಯಿತು. ಎದ್ದು ನೀರು ಬಿಸಿಗಿಟ್ಟೆ. ಕುದಿ ಬಂದ ಮೇಲೆ ನೆನಪಾಯಿತು. ಆಗ ಅಳು ಬಂತು, ಅದರ ಜೊತೆಗೇ ಇನ್ನು ಮೇಲೆ ಮಾತ್ರೆಯಿಲ್ಲ ಅಂತ ಹಗುರವೂ ಆಯಿತು. ಛೀ, ನಾನೆಂಥ ಹೆಂಗಸು ಅನ್ನಿಸಿತು. ರಾತ್ರಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಎಲ್ಲ ಹೇಳಿಕೊಂಡೆ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ರಾತ್ರಿ ಹಗಲು ಇರುತ್ತದೆ. ಆ ಕಡೆಯ ಹುಡುಗಿ ಸಮಾಧಾನ ಹೇಳಲು ಹೋಗಲಿಲ್ಲ. ಪೂರ್ತಿ ಕೇಳಿ, ವರ್ಷಗಟ್ಟಲೆ ಆರೈಕೆ ಮಾಡಿದವರು ಸುಮಾರು ಜನ ಹೀಗೇ ಹೇಳುತ್ತಾರೆ ಅಮ್ಮ ಅಂದಳು. ನಂಬರ್ ನಿನ್ನ ಫೋನಿನಲ್ಲೂ ಇರಲಿ.

ಯಾಕೆ ಅಂದರೆ ನೀನು ಇಲ್ಲಿಂದ ನೇರ ಹೋಗಿರುವುದು ನಿಮ್ಮತ್ತೆಯ ಮರೆವಿನ ಕಾಯಿಲೆಯ ಮುಂದಕ್ಕೆ. ಮರಣ ಪತ್ರ, ಪಿಂಚಣಿ, ಗ್ಯಾಸ್, ಖಾತೆ ಎಲ್ಲ ಮಾಡಿಸಿದೆ. ನಿಮ್ಮಪ್ಪ ಇದ್ದಿದ್ದರೆ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ಆದರೆ ಅಳುವುದಕ್ಕೆ ಮಾತ್ರ ನಿನಗೆ ಪುರುಸೊತ್ತಾಗಲಿಲ್ಲ. ಅಲ್ಲಿ ಆಗುತ್ತದಾ?

ಟೀಚರ್ ಬುದ್ಧಿ ಬಿಡಲ್ಲ ಅಂತ ಬೈದುಕೊಂಡೇ ಓದು. ನಿಮ್ಮತ್ತೆ ತೀರಿಹೋದ ಯಜಮಾನರನ್ನು ಕೇಳಿದರೆ ಪ್ರತಿ ಸಲ ತೀರಿಹೋದರು ಅನ್ನಬೇಡ. ಅವರಿಗೆ ಪ್ರತಿ ಸಲವೂ ಅದು ಹೊಸ ಸುದ್ದಿ. ಮಾವನವರಿಗೆ ಯಾವ ತಿಂಡಿ ಇಷ್ಟ ಇತ್ತು ಅಂತ ತಿರುಗಿ ಕೇಳು, ಅಲ್ಲಿಂದ ಮಾತು ಬೇರೆ ಕಡೆ ಹೋಗುತ್ತದೆ. ಸಂಜೆ ಚಡಪಡಿಸುತ್ತಾರೆ ಅಂದೆಯಲ್ಲ, ಕತ್ತಲಾಗುವ ಮೊದಲೇ ಎಲ್ಲ ಲೈಟು ಹಾಕು. ಬಾಗಿಲಿನ ಚಿಲಕ ಕಣ್ಣಿಗೆ ಬೀಳದ ಹಾಗೆ ಮೇಲೆ ಹಾಕಿಸು. ಅವರನ್ನು ಒಬ್ಬಳೇ ಎತ್ತಬೇಡ. ನನ್ನ ಸೊಂಟ ನೋಡಿದ್ದೀಯಲ್ಲ. ನಿನ್ನ ನಾದಿನಿ ತಿಂಗಳಿಗಿಷ್ಟು ಅಂತ ದುಡ್ಡು ಕಳಿಸಿ ಕೈ ತೊಳೆದುಕೊಳ್ಳುತ್ತಾಳೆ. ದುಡ್ಡು ಇರಲಿ, ಭಾನುವಾರ ಬಂದು ಕೂರು ಅಂತ ಕೇಳು. ಅಳಿಯಂದಿರು ಒಳ್ಳೆಯವರು, ಇಲ್ಲ ಅನ್ನಲ್ಲ. ಆದರೆ ತಮ್ಮಮ್ಮನಿಗೆ ಸ್ನಾನ ಮಾಡಿಸಬೇಕು ಅನ್ನುವಾಗಲೇ ಅವರಿಗೆ ಆಫೀಸ್ ಕಾಲ್ ಬರುತ್ತದೆ. ಇದನ್ನು ನಾನು ಹೇಳಿದೆ ಅನ್ನಬೇಡ. ಜಗಳ ಮಾಡಬೇಕಾದರೆ ಈಗಲೇ ಮಾಡು. ಮನಸ್ಸಲ್ಲಿಟ್ಟುಕೊಂಡು, ಸೋತು ಸುಣ್ಣವಾದ ಮೇಲೆ ಆಡುವ ಜಗಳ ಬೇರೆ ಥರ ಇರುತ್ತದೆ. ವಾರಕ್ಕೊಂದು ಸಂಜೆ ಮನೆಯಿಂದ ಹೊರಗೆ ಹೋಗು. ತರಕಾರಿ ತರುವುದಕ್ಕಲ್ಲ, ಸುಮ್ನೆ.

ಸದ್ಯಕ್ಕೆ ನಾನು ಪುಣೆಗೆ ಬರಲ್ಲ. ಒಬ್ಬಳೇ ಬಿದ್ದರೆ ಏನು ಗತಿ ಅಂತ ನೀನು ಕೇಳಿದ್ದು ನಿಜವೇ. ಎದುರು ಮನೆಯವರಿಗೆ ಒಂದು ಕೀ ಕೊಟ್ಟಿದ್ದೇನೆ. ಬೆಳಿಗ್ಗೆ ಎದ್ದ ತಕ್ಷಣ ನಿನಗೊಂದು ಮೆಸೇಜ್ ಹಾಕುತ್ತೇನೆ. ಬರದಿದ್ದರೆ ಅವರಿಗೆ ಫೋನ್ ಮಾಡು. ಅದಕ್ಕಿಂತ ಜಾಸ್ತಿ ಕಾವಲು ಬೇಡ. ಈ ವರ್ಷ ನಮಗೆ ಹಬ್ಬ ಇಲ್ಲ, ಹಾಗಾಗಿ ಹಬ್ಬಕ್ಕೆ ಬಾ ಅನ್ನಲ್ಲ. ಬರಬೇಕು ಅನ್ನಿಸಿದಾಗ ಬಾ. ಆದರೆ ಕೈಯಲ್ಲಿ ಪೊರಕೆ ಹಿಡಿದುಕೊಂಡು ಬರಬೇಡ.

ಮಂಚದ ಬಾಡಿಗೆಯವರಿಗೆ ನಾನೇ ಫೋನ್ ಮಾಡಿದೆ. ಬುಧವಾರ ಬಂದು ತೆಗೆದುಕೊಂಡು ಹೋಗುತ್ತಾರೆ. ಡಿಪಾಸಿಟ್ ನಿನ್ನ ಅಕೌಂಟಿಗೇ ವಾಪಸ್ ಹಾಕುತ್ತಾರಂತೆ, ಬಂತಾ ನೋಡಿಕೋ.

ನಿನ್ನ,
ಅಮ್ಮ