ಮೊದಲು ಮಾತಾಡಿದ ನಿಮಗೆಲ್ಲ

ಹೋದ ದೀಪಾವಳಿಯಿಂದ ಈ ದೀಪಾವಳಿಯವರೆಗೆ ನಾನು ಮೆಥ್ ಅನ್ನೋ ಡ್ರಗ್ ಮುಟ್ಟಿಲ್ಲ. ಈ ಸುದ್ದಿ ಮೊದಲು ಮುಟ್ಟಬೇಕಾದ್ದು ನಿಮಗೆ, ಬೆಂಗಳೂರಿನ ನಮ್ಮ ಭಾನುವಾರದ ಗುಂಪಿನವರಿಗೆ.

ಕೆಮ್‌ಸೆಕ್ಸ್ ಅಂದರೆ ನಮ್ಮಂಥ ಗೇ ಹುಡುಗರು ಡ್ರಗ್ಸ್ ತಗೊಂಡು ಸೆಕ್ಸ್ ಮಾಡೋದು, ನಮ್ಮ ಹುಡುಗರ ಬಾಯಲ್ಲಿ ಹೈ ಫನ್. ಹೊರಗಿನವರು ಇದರ ಬಗ್ಗೆ ಮಾತೆತ್ತಿದರೆ ಒಂದೋ ಪೊಲೀಸ್ ರೇಡಿನ ಸುದ್ದಿ, ಇಲ್ಲಾಂದ್ರೆ ಬೈಗುಳ. ನೀವು ಅದರಲ್ಲಿ ಚೆನ್ನಾಗಿದ್ದದ್ದನ್ನೂ ಸೇರಿಸಿ ಪೂರ್ತಿ ಹೇಳಿದಿರಿ. ಶಿವಮೊಗ್ಗದ ಅಣ್ಣ, "ಬಟ್ಟೆ ಬಿಚ್ಚೋ ಮೊದಲು ಲೈಟ್ ಆರಿಸು ಅಂತಿದ್ದವನು ನಾನು. ಮೆಥ್ ತಗೊಂಡ ರಾತ್ರಿ ಮಾತ್ರ ನನ್ನ ಮೈ ಬಗ್ಗೆ ನಾಚಿಕೆ ಇರ್ತಿರ್ಲಿಲ್ಲ" ಅಂದಿರಿ. ನನಗೂ ಅದೇ ಬೇಕಿತ್ತು. ಬಿಟ್ಟುಬಿಡು ಅನ್ನುವವರು ಬೇಕಾದಷ್ಟು ಜನ ಸಿಕ್ಕಿದ್ದರು. ಬಿಟ್ಟ ಮೇಲೆ ಆ ನಾಚಿಕೆ ವಾಪಸ್ ಬರುತ್ತೆ, ನಶೆಯಿಲ್ಲದೆ ಒಬ್ಬರ ಪಕ್ಕ ಮಲಗೋಕೆ ಕೈ ನಡುಗುತ್ತೆ, ಅದಕ್ಕೆ ಟೈಮ್ ಬೇಕು ಅಂತ ಹೇಳಿದವರು ನೀವೊಬ್ಬರೇ.

ಜಿ (ಜಿಎಚ್‌ಬಿ ಅನ್ನೋ ಡ್ರಗ್) ತಗೊಂಡ ರಾತ್ರಿಯ ಕಥೆ ಹೇಳಿದ ತಮ್ಮಾ, ನಿನಗೆ ದೊಡ್ಡ ಥ್ಯಾಂಕ್ಸ್. ಅವತ್ತು ಒಬ್ಬ ಹುಡುಗನಿಗೆ ಎಚ್ಚರ ತಪ್ಪಿದಾಗ ಎಲ್ಲರೂ ಮಲಗಲಿ ಬಿಡು ಅಂದರಂತೆ. ನೀನು ಅವನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಾ, ಇನ್ನೊಂದು ಕೈಯಲ್ಲಿ 108ಕ್ಕೆ ಫೋನ್ ಮಾಡಿದೆ. ಪೊಲೀಸರು ಬರುತ್ತಾರೆ ಅಂತ ಮನೆಯೇ ಖಾಲಿಯಾಯಿತು. ನೀನು ಆಸ್ಪತ್ರೆವರೆಗೂ ಹೋಗಿ, ಜಿ ಜೊತೆ ವಿಸ್ಕಿನೂ ಕುಡಿದಿದ್ದಾನೆ ಅಂತ ಡಾಕ್ಟರಿಗೆ ಮುಚ್ಚಿಡದೆ ಹೇಳಿದೆ. ಅವೆರಡೂ ಸೇರಿದರೆ ಉಸಿರೇ ನಿಲ್ಲಬಹುದು ಅಂತ ನನಗೆ ಗೊತ್ತಾದದ್ದು ನಿನ್ನಿಂದ.

ಪೊಲೀಸರ ಆ ಭಯ ಸುಮ್ನೆ ಬಂದದ್ದಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ಸಂಬಂಧಗಳು ಅಪರಾಧವಲ್ಲ ಅಂದಿತು, ನಿಜ. ಆದರೆ 1985ರ ಎನ್‌ಡಿಪಿಎಸ್ ಅನ್ನೋ ಡ್ರಗ್ಸ್ ಕಾಯ್ದೆ ನೆನೆದರೆ ಈಗಲೂ ನಮ್ಮ ಬಾಯಿ ಕಟ್ಟುತ್ತದೆ. ಅದೇ ಕಾಯ್ದೆಯ 64ಎ ಸೆಕ್ಷನ್, ಅಲ್ಪ ಪ್ರಮಾಣದ ಕೇಸುಗಳಲ್ಲಿ ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ರಕ್ಷಣೆ ಕೊಡುತ್ತದೆ ಅಂತ ನನಗೆ ಬಿಡಿಸಿ ಹೇಳಿದ್ದು ನಮ್ಮ ವಕೀಲೆ ಅಕ್ಕ. ಮೊದಲು ನೋಡಿದ ಒಬ್ಬ ಡಾಕ್ಟರು ಮದುವೆ ಮಾಡಿಕೋ, ಸರಿಹೋಗುತ್ತೆ ಅಂದಿದ್ದರು. ಅಕ್ಕನ ಮಾತಿನ ಧೈರ್ಯದ ಮೇಲೇ ನಿಮ್ಹಾನ್ಸ್ ಮೆಟ್ಟಿಲು ಹತ್ತಿದೆ. ಅಲ್ಲಿ ಸೆಕ್ಸ್ ವಿಷಯವನ್ನೂ ಬಿಡದೆ ಹೇಳಿಕೊಂಡೆ. ನಿಮ್ಮ ಮುಂದೆ ಹೇಳಿ ಹೇಳಿ ಬಾಯಿಗೆ ಅಭ್ಯಾಸವಾಗಿತ್ತು.

ಲಂಡನ್ನಿಂದ ರಜೆಗೆ ಬಂದಿದ್ದ ಮಂಡ್ಯದ ಹುಡುಗನಿಗೂ ವಂದನೆ. ಸೊಹೋದ 56 ಡೀನ್ ಸ್ಟ್ರೀಟ್ ಕ್ಲಿನಿಕ್‌ನಲ್ಲಿ ಎಚ್‌ಐವಿ ಪರೀಕ್ಷೆಗೆ ಹೋದ ಕಡೆಯೇ ಕೆಮ್ಸ್, ಅಂದರೆ ಈ ಡ್ರಗ್ಸ್ ಬಗ್ಗೆಯೂ ಮಾತಾಡಬಹುದು ಅಂತ ನೀನು ಹೇಳಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಅಲ್ಲಿ ಆ ಕೆಲಸ ಕಟ್ಟಿದ ಡೇವಿಡ್ ಸ್ಟೂವರ್ಟ್ ಕೂಡ ತಾವೇ ಇದನ್ನೆಲ್ಲ ದಾಟಿ ಬಂದವರು. 2022ರಲ್ಲಿ ತೀರಿಕೊಂಡರು. ನಮ್ಮೂರಲ್ಲೂ ಇವೆಲ್ಲ ಒಂದೇ ಸೂರಿನಡಿ ಸಿಗಬೇಕು, ಅಲ್ವಾ?

ಎಚ್‌ಐವಿ ತಗುಲದಂತೆ ತಡೆಯುವ ಪೆಪ್ ಮಾತ್ರೆ, ಅಪಾಯದ ಸೆಕ್ಸ್ ಆದ 72 ಗಂಟೆಯೊಳಗೆ ಶುರುವಾಗಬೇಕು ಅಂತ ಸೋಮವಾರ ಬೆಳಿಗ್ಗೆ ನನ್ನನ್ನು ಎಬ್ಬಿಸಿ ಆಟೋ ಹತ್ತಿಸಿದ ಗೆಳೆಯನಿಗೆ, ಎಲ್ಲ ಗೊತ್ತಾದ ಮೇಲೂ ಊಟಕ್ಕೆ ಬಾರೋ ಅಂತ ಕರೆದ ಅತ್ತಿಗೆಗೆ ಎಷ್ಟು ಹೇಳಿದರೂ ಕಮ್ಮಿ.

ಮುಂದಿನ ಭಾನುವಾರ ಹೊಸಬರು ಇಬ್ಬರು ಬರುತ್ತಾರಂತೆ. ಕನ್ನಡದಲ್ಲೇ ಮಾತಾಡೋರು ಬೇಕು ಅಂದಿದ್ದಾರೆ. ಮೊದಲು ನಾನೇ ಮಾತಾಡುತ್ತೇನೆ ಅಂತ ಅಣ್ಣನಿಗೆ ಹೇಳಿದ್ದೇನೆ.