ಸಿಸಿಡಿ ಕ್ಯಾಮೆರಾ ಕೊಳ್ಳುವ ಮುನ್ನ

ಚಿ. ಸಿಂಧುವಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಈಗಿರುವ ಕ್ಯಾಮೆರಾ ಮಾರಿ, ಹಳೆಯ ಸಿಸಿಡಿ ಸೆನ್ಸರ್‌ನ (ಬೆಳಕು ಹಿಡಿದು ಚಿತ್ರ ಮಾಡುವ ಚಿಪ್‌ನ ಹಳೆಯ ಬಗೆ) ಕ್ಯಾಮೆರಾ ಕೊಳ್ಳುತ್ತೇನೆಂದು ಬರೆದಿದ್ದೀಯೆ. ಅದರ ಬಣ್ಣವೇ ಬೇರೆ ಎಂದು ಯಾರೋ ನಿನ್ನ ತಲೆಗೆ ತುಂಬಿದ್ದಾರೆ. ಕೊಳ್ಳಬೇಡ ಎನ್ನುವುದಿಲ್ಲ, ಆ ಕಾರಣಕ್ಕೆ ಕೊಳ್ಳಬೇಡ ಎನ್ನುತ್ತೇನೆ.

ಸಿಸಿಡಿಯಾಗಲಿ, ಈಗಿನ ಕ್ಯಾಮೆರಾಗಳಲ್ಲಿರುವ ಸಿಮಾಸ್ ಸೆನ್ಸರ್ ಆಗಲಿ, ಎರಡೂ ಸಿಲಿಕಾನ್ ಬಿಲ್ಲೆಗಳೇ. ಎಷ್ಟು ಬೆಳಕು ಬಿತ್ತೆಂಬುದಷ್ಟೇ ಅವಕ್ಕೆ ಗೊತ್ತು, ಬಣ್ಣದ ಗಂಧವಿಲ್ಲ. ಬಣ್ಣ ಬರುವುದು ಮೇಲೆ ಹಾಸಿರುವ ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳಿಂದ, ಆಮೇಲೆ ನಾವು ನೋಡುವ ಜೆಪೆಗ್ ಚಿತ್ರವನ್ನು ತಯಾರಿಸುವ, ಕ್ಯಾಮೆರಾದೊಳಗಿನ ತಂತ್ರಾಂಶದಿಂದ. ನಿನಗೆ ಹಿಡಿಸಿದ ಆ ಗಾಢ ಬಣ್ಣ, ಕಡುನೆರಳು ಬಹುಮಟ್ಟಿಗೆ ಆ ತಂತ್ರಾಂಶದ ಮತ್ತು ಮುಖಕ್ಕೆ ನೇರ ಹೊಡೆಯುವ ಪುಟ್ಟ ಫ್ಲ್ಯಾಷ್‌ನ ಕೈವಾಡ.

ನಿಜವಾದ ವ್ಯತ್ಯಾಸವಿರುವುದು ಬಿದ್ದ ಬೆಳಕನ್ನು ಸೆನ್ಸರ್‌ನಿಂದ ಓದುವ ಕ್ರಮದಲ್ಲಿ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಪ್ರಯೋಗಾಲಯದಲ್ಲಿ ಹುಟ್ಟಿದ ಸಿಸಿಡಿಯಲ್ಲಿ ಪಿಕ್ಸೆಲ್‌ಗಳ, ಅಂದರೆ ಬೆಳಕು ಹಿಡಿಯುವ ಪುಟ್ಟ ಪುಟ್ಟ ಚೌಕಗಳ, ವಿದ್ಯುದಂಶ ಸಾಲುಸಾಲಾಗಿ ಸರಿದು ಅಂಚಿಗೆ ಬಂದ ಮೇಲಷ್ಟೇ ಅಳತೆಗೆ ಸಿಗುತ್ತದೆ. ಸಿಮಾಸ್‌ನಲ್ಲಿ ಪಿಕ್ಸೆಲ್ ಪಿಕ್ಸೆಲ್‌ಗೂ ಸಂಕೇತವನ್ನು ಬಲಪಡಿಸುವ ಆಂಪ್ಲಿಫೈಯರ್ ಇದೆ. ಈಚಿನವುಗಳಲ್ಲಿ ಆ ಸಂಕೇತವನ್ನು ಅಂಕಿಗೆ ಇಳಿಸುವ ಕೆಲಸವೂ ಚಿಪ್‌ನಲ್ಲೇ ಮುಗಿಯುತ್ತದೆ. ಹೀಗಾಗಿ ಓದುವಾಗ ಸೇರಿಕೊಳ್ಳುವ ನಾಯ್ಸ್, ಅಂದರೆ ಚಿತ್ರವನ್ನು ಕೆಡಿಸುವ ಬೇಡದ ಚುಕ್ಕೆಗಳು, ತೀರ ಕಡಿಮೆ. ಮಬ್ಬುಗತ್ತಲ ಕೋಣೆಯಲ್ಲಿ ಒಂದು ರಾ ಚಿತ್ರ (ಕ್ಯಾಮೆರಾ ಸಂಸ್ಕರಿಸದ ಮೂಲ ಕಡತ) ತೆಗೆದು, ಕಂಪ್ಯೂಟರಿನಲ್ಲಿ ನೆರಳನ್ನು ಮೂರು ಸ್ಟಾಪ್, ಅಂದರೆ ಎಂಟು ಪಟ್ಟು ಬೆಳಗಿಸಿ ನೋಡು. ಹೊಸದರಲ್ಲಿ ಕುರ್ಚಿಯ ಕೆಳಗಿನ ಚಪ್ಪಲಿಯ ಹೊಲಿಗೆ ಎದ್ದು ಬರುತ್ತದೆ. ಹಳೆಯದರಲ್ಲಿ ಆ ಜಾಗದಲ್ಲಿ ಕೆಂಪು, ಹಸಿರು ಚುಕ್ಕೆಗಳ ರಾಶಿ.

ಬಿಸಿಲಿನ ಮಾತು ಬೇರೆ. 2006ರ ನಿಕಾನ್ ಡಿ40 ಕೊಡುವುದು 6 ಮೆಗಾಪಿಕ್ಸೆಲ್ ಮಾತ್ರ. ಆದರೂ ಹತ್ತಿಂಚು ಅಗಲದ ಮುದ್ರಣದಲ್ಲಿ 24 ಮೆಗಾಪಿಕ್ಸೆಲ್‌ನ ಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳುವುದು ಕಷ್ಟ. ಪರದೆಯ ಮೇಲೆ ಎರಡನ್ನೂ ನೂರು ಪ್ರತಿಶತ ಅಳತೆಗೆ (ಚಿತ್ರದ ಒಂದು ಪಿಕ್ಸೆಲ್‌ಗೆ ಪರದೆಯ ಒಂದು ಪಿಕ್ಸೆಲ್) ಹಿಗ್ಗಿಸಿ ಹೋಲಿಸುವವರನ್ನು ಮಾತ್ರ ನಂಬಬೇಡ. 24ರ ಚಿತ್ರ ಆಗ ಉದ್ದಗಲ ಎರಡರಲ್ಲೂ ಇಮ್ಮಡಿ ದೊಡ್ಡದಾಗಿ ಕಾಣುತ್ತದೆ, ಅದರ ದೋಷವೂ ಅಷ್ಟೇ. ಒಂದೇ ಅಳತೆಗೆ ತಂದು ನೋಡುವುದೇ ನ್ಯಾಯ.

ಹಳೆಯದರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಡಿ40ರ ಸಿಸಿಡಿ ಇಡೀ ಚಿತ್ರವನ್ನು ಒಮ್ಮೆಗೇ ಹಿಡಿಯಬಲ್ಲದು, ಹಾಗಾಗಿ 1/500 ಸೆಕೆಂಡಿನಷ್ಟು ವೇಗದ ಶಟರ್‌ಗೂ ಫ್ಲ್ಯಾಷ್ ಹೊಂದುತ್ತದೆ. ಈಗಿನ ಹೆಚ್ಚಿನ ಕ್ಯಾಮೆರಾಗಳು 1/200 ಅಥವಾ 1/250ಕ್ಕೇ ನಿಲ್ಲುತ್ತವೆ. ನಡುಹಗಲಲ್ಲಿ ಮುಖದ ನೆರಳು ತುಂಬಲು ಇದು ದೊಡ್ಡ ಅನುಕೂಲ. ಬಣ್ಣದ ಭಜನೆ ಮಾಡುವವರು ಇದನ್ನು ಹೇಳುವುದೇ ಇಲ್ಲ!

ಕೊಳ್ಳುವುದೇ ಆದರೆ 2003ರ ಆಸುಪಾಸಿನವುಗಳ ಬಗ್ಗೆ ಎಚ್ಚರವಿರಲಿ. ಆಗಿನ ಕೆಲವು ಸಿಸಿಡಿಗಳಲ್ಲಿ ಶಾಖಕ್ಕೂ ತೇವಕ್ಕೂ ಒಳಗಿನ ತಂತಿ ಸಡಿಲವಾಗಿ ಚಿತ್ರವೇ ಬಾರದಂತಾಗುತ್ತಿತ್ತು. ಲೆನ್ಸ್ ಮುಚ್ಚಿ ಕೆಲವು ಸೆಕೆಂಡುಗಳ ಎಕ್ಸ್‌ಪೋಷರ್ ಕೊಟ್ಟು, ಉರಿಯುವ ಚುಕ್ಕೆಗಳು (ಬೆಳಕಿಲ್ಲದೆಯೂ ಹೊಳೆಯುವ ಕೆಟ್ಟ ಪಿಕ್ಸೆಲ್‌ಗಳು) ಎಷ್ಟಿವೆ ನೋಡು. ಕಾರ್ಡು, ಬ್ಯಾಟರಿ ಇನ್ನೂ ಸಿಗುತ್ತವೆಯೇ ವಿಚಾರಿಸು. ಈಗಿರುವ ಕ್ಯಾಮೆರಾವನ್ನು ಮಾತ್ರ ಸದ್ಯಕ್ಕೆ ಮಾರಬೇಡ.

ಇಂತಿ,
ನಿನ್ನ ಮಾವ